ಕುರ್ಚಿಯ ಮೇಲಿದ್ದ ಕರ್ಚೀಫು

ನಾನು ನಿಂತಿದ್ದದ್ದು ದೊಡ್ಡಮ್ಮ ಕೂತಿದ್ದ ಕುರ್ಚಿಯ ಹಿಂದೆ, ಸ್ವಲ್ಪ ಎಡಕ್ಕೆ. ಬಲಗೈ ಕುರ್ಚಿಯ ಬೆನ್ನಿನ ಮೇಲಿತ್ತು, ಎಡಗೈಯಲ್ಲಿ ಅವಳ ಬಟ್ಟೆಚೀಲವಿತ್ತು. ಮೈಸೂರಿನ ಒಂದು ಹೆಸರಾದ ಹೋಟೆಲು. ಸ್ಟೇಷನ್ನಿನಿಂದ ನಡೆದರೆ ಹದಿನೈದು ನಿಮಿಷ. ಭಾನುವಾರ, ಬೆಳಿಗ್ಗೆ ಹನ್ನೊಂದಕ್ಕೆ ಹತ್ತು ನಿಮಿಷ ಇತ್ತು. ಎದುರು ಗೋಡೆಯ ಗಡಿಯಾರ ಹನ್ನೊಂದಕ್ಕೆ ಎಂಟೇ ನಿಮಿಷ ಎನ್ನುತ್ತಿತ್ತು. ನಾನು ನನ್ನ ಕೈಗಡಿಯಾರವನ್ನು ನಂಬುತ್ತೇನೆ. ವರ್ಷ ತೊಂಬತ್ತರ ದಶಕದ ನಡುವಿನದು. ಬೆಂಗಳೂರು ಮೈಸೂರು ನಡುವಿನ ಹಳಿ ಬ್ರಾಡ್‌ಗೇಜಿಗೆ ಬದಲಾಗಿ ಇನ್ನೂ ಅದರ ಹೊಸತನ ಹೋಗಿರಲಿಲ್ಲ.

ಇಷ್ಟು ಕರಾರುವಾಕ್ಕಾಗಿ ಹೇಳುವುದಕ್ಕೆ ಕಾರಣವಿದೆ. ನನಗೆ ಸಿಟ್ಟು ಬಂದಿದೆ. ಸಿಟ್ಟಿನಲ್ಲಿ ಹೇಳಿದ ಮಾತನ್ನು ಜನ ಸಿಟ್ಟು ಎಂದೇ ತಳ್ಳಿಹಾಕುತ್ತಾರೆ, ಆದ್ದರಿಂದ ನಿಧಾನವಾಗಿ ಬರೆಯುತ್ತಿದ್ದೇನೆ. ಎಲ್ಲಿಯಾದರೂ ದನಿ ಏರಿದರೆ ನೀವು ಸ್ವಲ್ಪ ತಾಳಿಕೊಳ್ಳಬೇಕು.

ಹೋದ ತಿಂಗಳು ದಟ್ಟಗಳ್ಳಿಯಲ್ಲಿ ನನ್ನ ತಂಗಿಯ ಮಗಳು ರಶ್ಮಿಯ ಮನೆಯ ಗೃಹಪ್ರವೇಶ. ಹೊಸ ಬಡಾವಣೆ, ಅಕ್ಕಪಕ್ಕ ಇನ್ನೂ ಖಾಲಿ ಸೈಟುಗಳು, ತಾರಸಿಯ ಮೇಲೆ ಶಾಮಿಯಾನ, ಅದರ ಕೆಳಗೆ ಊಟ. ರಶ್ಮಿ ತನ್ನ ಆಫೀಸಿನವರನ್ನು ನನ್ನ ಎದುರು ಸಾಲಿನಲ್ಲಿ ಕೂರಿಸಿದ್ದಳು. ಹೋಳಿಗೆಗೆ ತುಪ್ಪ ಬರುವಷ್ಟರಲ್ಲಿ ಅವಳು ಕಥೆ ಶುರುಮಾಡಿದಳು. "ನಮ್ಮ ದೊಡ್ಡಜ್ಜಿ ಒಬ್ರಿದ್ರು. ಹೋಟ್ಲಿಗೆ ಹೋಗಿ ಯಾರದೋ ಕರ್ಚೀಫ್ ಎತ್ಕೊಂಡು ಮೂಗು ಒರೆಸ್ಕೊಂಡು ಬಿಸಾಕಿ, ಅವರ ಸೀಟಲ್ಲೇ ಕೂತ್ಕೊಂಡಿದಾರೆ. ಅವರು ಬಂದು ಕೇಳಿದ್ರೆ ದೋಸೆ ತಟ್ಟೆ ಎತ್ಕೊಂಡು ಓಟ! ಬೇಕಾದ್ರೆ ನಮ್ಮ ಮಾವನ್ನ ಕೇಳಿ, ಅವರು ಅಲ್ಲೇ ಇದ್ರು. ಅಲ್ವಾ ಮಾವ?"

ಎಲ್ಲರೂ ನಕ್ಕರು. ತುಪ್ಪ ಬಡಿಸಲು ಬಂದವನೂ ನಿಂತು ನಕ್ಕ. ನಾನು "ಹೂಂ" ಎಂದೆ. ಹೋಳಿಗೆ ತಿಂದು ಮುಗಿಸಿದೆ. ಎರಡನೆಯದನ್ನೂ ಹಾಕಿಸಿಕೊಂಡೆ.

ದೊಡ್ಡಮ್ಮ ಎಂದರೆ ನಮ್ಮಮ್ಮನ ಅಕ್ಕ, ನಂಜಮ್ಮ. ಮದುವೆಯಾದ ನಾಲ್ಕನೆಯ ವರ್ಷಕ್ಕೇ ಗಂಡ ತೀರಿಕೊಂಡ ಮೇಲೆ ಮಂಡ್ಯದ ಹತ್ತಿರದ ಒಂದು ಮಠದ ವಿದ್ಯಾರ್ಥಿನಿಲಯದಲ್ಲಿ ಅಡುಗೆಗೆ ಸೇರಿದಳು. ಮೂವತ್ತು ವರ್ಷ ಅಲ್ಲೇ ಇದ್ದಳು. ನನ್ನ ಬೇಸಿಗೆ ರಜಗಳೆಲ್ಲ ಅವಳ ಅಡುಗೆಮನೆಯಲ್ಲೇ ಕಳೆದವು. ಅಲ್ಲಿ ಭಾನುವಾರ ದೋಸೆ. ಎರಡು ಕಲ್ಲಿನ ಕಾವಲಿ, ಒಂದೊಂದರ ಮೇಲೆ ಆರು ದೋಸೆ ಒಟ್ಟಿಗೆ. ಅವಳು ಎಡಗೈಯಲ್ಲಿ ನೀರು ಚಿಮುಕಿಸಿ, ಬಲಗೈಯಲ್ಲಿ ಹಿಟ್ಟು ಹುಯ್ದು, ಸೌಟಿನ ತಳದಿಂದ ತಿರುವುತ್ತಿದ್ದರೆ ನನಗೆ ರೈಲಿನ ಚಕ್ರ ನೋಡಿದ ಹಾಗೆ ಆಗುತ್ತಿತ್ತು. ಇನ್ನೂರು ಮಕ್ಕಳು ತಿಂದೆದ್ದ ಮೇಲೆ, ಕಾವಲಿ ಆರುವ ಮೊದಲು, ಕೊನೆಯ ಹಿಟ್ಟಿನಲ್ಲಿ ತನಗೊಂದು ಹುಯ್ದುಕೊಂಡು, ಒಲೆಯ ಪಕ್ಕ ಕುಕ್ಕರಗಾಲಿನಲ್ಲಿ ಕೂತು ತಿನ್ನುತ್ತಿದ್ದಳು. ಆ ದೋಸೆ ಸಾಮಾನ್ಯವಾಗಿ ಸೀದಿರುತ್ತಿತ್ತು.

ಆ ಮಠದ ಊಟದಲ್ಲಿ ಒಂದು ಕಟ್ಟಳೆ ಇತ್ತು. ಎಡೆಗೆ ಬಿದ್ದದ್ದು ಪ್ರಸಾದ. ಅದನ್ನು ಬಿಟ್ಟು ಏಳುವ ಹಾಗಿಲ್ಲ. ಕೊನೆಗೆ ತಟ್ಟೆಗೆ ನೀರು ಹಾಕಿ, ಬೆರಳಿನಿಂದ ಸುತ್ತ ತೊಳೆದು, ಆ ನೀರನ್ನೂ ಕುಡಿಯಬೇಕು. ನಾನು ಏಳು ವರ್ಷದವನಿದ್ದಾಗ ಹಾಗಲಕಾಯಿ ಹೋಳುಗಳನ್ನು ಒಂದೊಂದಾಗಿ ತಟ್ಟೆಯ ಕೆಳಗೆ ಬಚ್ಚಿಟ್ಟಿದ್ದೆ. ದೊಡ್ಡಮ್ಮ ಬಂದು ತಟ್ಟೆ ಎತ್ತಿದಳು. ಐದು ಹೋಳು. ಬೈಯಲಿಲ್ಲ. ಐದನ್ನೂ ತೊಳೆದು ತಂದು ತಾನೇ ನನ್ನ ಎದುರು ಕೂತು ತಿಂದಳು. ಆಮೇಲೆ ನನಗೆ ಹಾಗಲಕಾಯಿಯ ಮೇಲೆ ಪ್ರೀತಿ ಹುಟ್ಟಿತು ಎಂದು ಬರೆದರೆ ಸುಳ್ಳಾಗುತ್ತದೆ. ಆದರೆ ತಟ್ಟೆಯ ಕೆಳಗೆ ಇಡುವುದನ್ನು ಬಿಟ್ಟೆ. ಮುಂದೆ ಜೇಬಿನಲ್ಲಿ ಇಟ್ಟುಕೊಳ್ಳುತ್ತಿದ್ದೆ.

ಅವಳಿಗೆ ಇದ್ದದ್ದು ಒಂದೇ ಆಸೆ. ನಾನು ಕೆಲಸಕ್ಕೆ ಸೇರಿದ ಮೇಲೆ ಹೋದಾಗಲೆಲ್ಲ ಹೇಳುತ್ತಿದ್ದಳು: "ಮೈಸೂರಲ್ಲಿ ಒಂದು ದೊಡ್ಡ ಹೋಟ್ಲಲ್ಲಿ ಕುರ್ಚಿ ಮ್ಯಾಲೆ ಕೂತ್ಕೊಂಡು, ಇನ್ನೊಬ್ರು ಹುಯ್ದಿರೋ ದೋಸೆ, ಬಿಸಿಬಿಸಿದು, ಇನ್ನೊಬ್ರು ತಂದು ಮುಂದೆ ಇಡಬೇಕು ಕಣೋ ಮಾದೇವ. ನಾನು ತಿಂದು ಏಳಬೇಕು. ಅಷ್ಟೇಯ." ಅರಮನೆ ಬೇಡ, ಚಾಮುಂಡಿ ಬೆಟ್ಟವನ್ನು ದೂರದಿಂದಲೇ ಕೈಮುಗಿದರೂ ಆದೀತು, ದೋಸೆ ಮಾತ್ರ ಆಗಬೇಕು. ವಿದ್ಯಾರ್ಥಿನಿಲಯದ ಕೆಲಸ ಬಿಟ್ಟ ಮೂರನೆಯ ವಾರ ಅವಳನ್ನು ಕರೆದುಕೊಂಡು ಹೊರಟೆ. ಜೊತೆಗೆ ಅವಳ ತಮ್ಮ, ನನ್ನ ಸೋದರಮಾವ ಶಿವಣ್ಣ. ಶಿವಣ್ಣ ಮಾವನಿಗೆ ಎಲ್ಲಿಗೆ ಹೋಗುವುದೆಂಬುದು ಮುಖ್ಯವಲ್ಲ, ಹೋಗುವುದು ಮುಖ್ಯ.

ಮಂಡ್ಯದಲ್ಲಿ ರೈಲು ಹತ್ತಿದ್ದನ್ನು ಹೇಳಲೇಬೇಕು, ಯಾಕೆಂದರೆ ನನ್ನ ತಪ್ಪು ಅಲ್ಲಿಂದಲೇ ಅಳತೆಗೆ ಸಿಗುತ್ತದೆ. ಆ ದಿನಗಳಲ್ಲಿ ಪ್ಯಾಸೆಂಜರ್ ಗಾಡಿಯಲ್ಲಿ ಸೀಟು ಹಿಡಿಯುವ ಕಾನೂನು ನಿಮಗೂ ಗೊತ್ತಿರುತ್ತದೆ. ಗಾಡಿ ನಿಲ್ಲುವ ಮೊದಲೇ ಕಿಟಕಿಯಿಂದ ಒಳಕ್ಕೆ ಟವಲ್ ಎಸೆಯಬೇಕು. ಟವಲ್ ಬಿದ್ದ ಸೀಟು ಎಸೆದವನದು. ಇದನ್ನು ಯಾರೂ ಎಲ್ಲಿಯೂ ಬರೆದಿಟ್ಟಿಲ್ಲ, ಆದರೆ ಇದರಷ್ಟು ಕಟ್ಟುನಿಟ್ಟಾಗಿ ನಡೆಯುತ್ತಿದ್ದ ಕಾನೂನು ನಾನು ಬೇರೆ ಕಂಡಿಲ್ಲ. ನಾನು ಅದರಲ್ಲಿ ಪಳಗಿದವನು. ಒದ್ದೆ ಟವಲ್ ದೂರ ಹೋಗುತ್ತದೆ, ಒಣ ಟವಲ್ ಗಾಳಿಗೆ ವಾಲುತ್ತದೆ ಎಂಬುದೆಲ್ಲ ತಿಳಿದಿತ್ತು. ಅವತ್ತು ಒದ್ದೆ ಟವಲನ್ನೇ ಎಸೆದೆ. ಒಳಗೆ ಹೋಗಿ ನೋಡಿದರೆ ಅದರ ಮೇಲೆ ಐವತ್ತರ ಆಸುಪಾಸಿನ ಒಬ್ಬರು ಕೂತಿದ್ದರು. ತೊಡೆಯ ಮೇಲೆ ವೀಳ್ಯದೆಲೆಯ ಬುಟ್ಟಿ.

"ಯಜಮಾನ್ರೇ, ಟವಲ್ ನಂದು" ಎಂದೆ.

ಅವರು ಬುಟ್ಟಿ ಎತ್ತಿಕೊಂಡು ಎದ್ದರು. ಪಂಚೆಯ ಹಿಂಭಾಗ ಒದ್ದೆಯಾಗಿತ್ತು. ದೊಡ್ಡಮ್ಮ ಕೂರಲಿಲ್ಲ.

"ಅವ್ರನ್ನ ಯಾಕೋ ಏಳಿಸ್ದೆ?"

"ಟವಲ್ ಹಾಕಿದ್ದೆ ದೊಡ್ಡಮ್ಮ."

"ಟವಲ್‌ಗೆ ಕಾಲು ನೋಯ್ತದಾ?"

ಸುತ್ತ ಇದ್ದವರು ಮುಸಿಮುಸಿ ನಕ್ಕರು. ಅವಳು ಆ ಎಲೆಬುಟ್ಟಿಯವರ ಕಡೆ ತಿರುಗಿ, "ಬನ್ನಿ ಅಣ್ಣ, ಒತ್ಕೊಂಡು ಕೂತ್ಕೊಳಣ. ನಮ್ಮುಡುಗುಂಗೆ ಓದು ಜಾಸ್ತಿ ಆಗೈತೆ" ಎಂದಳು. ಮೂವರ ಸೀಟಿನಲ್ಲಿ ಐವರು ಕೂತರು. ನಾನು ಮೈಸೂರಿನವರೆಗೆ ನಿಂತೇ ಬಂದೆ. ಶ್ರೀರಂಗಪಟ್ಟಣದಲ್ಲಿ ಕಾವೇರಿ ಸೇತುವೆ ಬಂದಾಗ ಅವಳು ಕೈಮುಗಿದಳು. ವಡೆ ಮಾರುವವನು ಬಂದಾಗ ಬೇಡವೆಂದಳು. ಶಿವಣ್ಣ ಮಾವ ಎರಡು ತಿಂದು ಮೂರನೆಯದಕ್ಕೆ ಕೈ ಹಾಕುತ್ತಾ, "ಅಕ್ಕಾ, ಹೊಟ್ಟೆ ಖಾಲಿ ಇಟ್ಕೊಂಡು ಹೋಗಿ ಆ ಹೋಟ್ಲೋರನ್ನ ಮುಳುಗಿಸ್ಬುಡ್ಬೇಕು ಅಂತ ಮಾಡಿದೀಯಾ?" ಎಂದ.

"ಮೂವತ್ತೊರ್ಷದ ಹೊಟ್ಟೆ ಕಣೋ" ಎಂದಳು ಅವಳು. ಅಷ್ಟು ಖುಷಿಯಾಗಿ ಅವಳು ಮಾತಾಡಿದ್ದನ್ನು ನಾನು ಮತ್ತೆ ಕೇಳಲಿಲ್ಲ.

ಹೋಟೆಲು ತುಂಬಿತ್ತು. ಭಾನುವಾರದ ಮೈಸೂರು ಹೋಟೆಲಿನಲ್ಲಿ ಖಾಲಿ ಕುರ್ಚಿ ಹುಡುಕಬಾರದು, ಮುಗಿಯುತ್ತಿರುವ ಕಾಫಿ ಹುಡುಕಬೇಕು. ಯಾರ ಲೋಟ ತಳ ಕಾಣುತ್ತಿದೆಯೋ ಅವರ ಕುರ್ಚಿಯ ಹಿಂದೆ ಹೋಗಿ ನಿಲ್ಲಬೇಕು. ಅವರಿಗೆ ಬೆನ್ನಿನಲ್ಲಿ ನಮ್ಮ ಹಸಿವು ತಾಗುತ್ತದೆ. ಕೆಲವರು ಬೇಗ ಎದ್ದುಬಿಡುತ್ತಾರೆ, ಕೆಲವು ಪುಣ್ಯಾತ್ಮರು ಮತ್ತೊಂದು ಕಾಫಿ ಹೇಳುತ್ತಾರೆ. ಇದೂ ಒಂದು ಕಾನೂನೇ. ಶಿವಣ್ಣ ಮಾವ ಆ ಕಡೆಯ ಒಂದು ಟೇಬಲ್ಲಿನ ಹಿಂದೆ ನಮಗೆ ಬೆನ್ನು ಹಾಕಿ ನಿಂತುಕೊಂಡ.

ಈಗ ನಿಧಾನವಾಗಿ ಹೇಳುತ್ತೇನೆ.

ಕಿಟಕಿಯ ಪಕ್ಕದ ಟೇಬಲ್ಲಿಗೆ ನಾಲ್ಕು ಕುರ್ಚಿ. ಮೂರರಲ್ಲಿ ಮೂವರು ತಿನ್ನುತ್ತಿದ್ದರು. ನಾವು ಬಾಗಿಲು ದಾಟಿದಾಗ, ಖಾಕಿ ಪ್ಯಾಂಟಿನ ತೆಳ್ಳನೆಯ ಒಬ್ಬರು ನಾಲ್ಕನೆಯ ಕುರ್ಚಿಯ ಮೇಲೆ ಒಂದು ಕರ್ಚೀಫು ಹಾಕಿ, ಅದನ್ನು ಎರಡು ಸಲ ತಟ್ಟಿ ಸರಿಮಾಡಿ, ಹೊರಗೆ ಹೋದರು. ನಾನು ಕಂಡೆ. ಕರ್ಚೀಫು ಬಿಳಿಯದು, ನೀಲಿ ಅಂಚು, ನಾಲ್ಕು ಮಡಿಕೆ. ಯಾರೂ ಅದರ ಹತ್ತಿರ ಇರಲಿಲ್ಲ. ನಾನು ಅದನ್ನು ಎತ್ತಿ ಕಿಟಕಿಯ ಕಟ್ಟೆಯ ಮೇಲೆ ಇಟ್ಟೆ.

"ಅದು ಯಾರ್ದೋ ಬಟ್ಟೆ ಕಣೋ, ಮುಟ್ಬ್ಯಾಡ" ಎಂದಳು ದೊಡ್ಡಮ್ಮ.

"ಯಾರೋ ಮರೆತು ಬುಟ್ಟು ಹೋಗವ್ರೆ. ನೀನು ಕೂತ್ಕೊ."

ಹೀಗೆಂದವನು ನಾನು. ಎರಡು ಗಂಟೆಯ ಹಿಂದೆ ಒಂದು ಒದ್ದೆ ಟವಲಿನ ಬಲದಿಂದ ಒಬ್ಬ ಹಿರಿಯರನ್ನು ಏಳಿಸಿದ್ದವನು. ಗೊತ್ತಿಲ್ಲದೆ ಮಾಡಿದೆ ಎನ್ನುವ ದಾರಿ ನನಗಿಲ್ಲ.

ಅವಳು ಕೂತಳು. ಸೆರಗು ಸರಿಮಾಡಿಕೊಂಡಳು. ಎರಡೂ ಕೈಗಳನ್ನು ಅಮೃತಶಿಲೆಯ ಟೇಬಲ್ಲಿನ ಮೇಲೆ ಇಟ್ಟು, ತಣ್ಣಗಿದೆ ಎಂದು ನನ್ನ ಕಡೆ ನೋಡಿ ನಕ್ಕಳು. ಸಪ್ಲೈಯರ್ ಬಂದ. ಮೂವತ್ತು ಮೂವತ್ತೈದರ ವಯಸ್ಸು, ಕಿವಿಯ ಹಿಂದೆ ಪೆನ್ಸಿಲ್. ಅವನ ಹೆಸರು ವೆಂಕಟೇಶ ಎಂದು ಆಮೇಲೆ ತಿಳಿಯಿತು. ಕರ್ಚೀಫನ್ನು ನಾನು ಎತ್ತಿಟ್ಟಾಗ ಅವನು ಪಕ್ಕದ ಟೇಬಲ್ಲಿನಲ್ಲಿ ನೀರು ಇಡುತ್ತಿದ್ದ.

"ಏನ್ ಕೊಡ್ಲಿ ಅಮ್ಮ?"

"ದೋಸೆ ಕೊಡಪ್ಪ, ಮಸಾಲೆದು. ಕೆಂಪಗೆ ಬೇಯಲಿ ಅನ್ನು. ಆತುರ ಏನಿಲ್ಲ."

ದೋಸೆ ಬಂತು. ಅವಳು ತಕ್ಷಣ ತಿನ್ನಲಿಲ್ಲ. ಅಂಚನ್ನು ಬೆರಳಿನಿಂದ ಎತ್ತಿ ತಳ ನೋಡಿದಳು. ಬಗ್ಗಿ ವಾಸನೆ ನೋಡಿದಳು. "ಮೆಂತ್ಯ ಒಂಚೂರು ಜಾಸ್ತಿ. ಆದ್ರೆ ಕಾವು ನೋಡು ಮಾದೇವ, ಕಾವು! ಒಲೆ ಮುಂದೆ ನಿಂತಿರೋನು ಗಟ್ಟಿ ಆಸಾಮಿ." ಆಮೇಲೆ ಕಣ್ಣು ಮುಚ್ಚಿ ಒಂದು ಕ್ಷಣ ಕೈಮುಗಿದು, ಮೊದಲ ತುತ್ತು ಮುರಿದಳು. ಅರ್ಧ ದೋಸೆ ತಿನ್ನುವುದಕ್ಕೆ ಅವಳು ಹತ್ತು ನಿಮಿಷ ತೆಗೆದುಕೊಂಡಳು. ಅಷ್ಟರಲ್ಲಿ ಉಳಿದ ಮೂವರೂ ಎದ್ದು ಹೋದರು. ಶಿವಣ್ಣ ಮಾವನನ್ನು ಕೂಗಿ ಕರೆಯಬೇಕು ಎಂದುಕೊಂಡೆ.

ಆಗ ಅವರು ಬಂದರು. ಸಫಾರಿ ಹಾಕಿದ್ದ ಒಬ್ಬ ದೊಡ್ಡ ಮನುಷ್ಯ, ಅವನ ಹೆಂಡತಿ, ಜೊತೆಗೆ ಇಬ್ಬರು ನೆಂಟರು. ಹಿಂದೆ ಖಾಕಿ ಪ್ಯಾಂಟಿನವರು, ಅವನ ಡ್ರೈವರ್. ದೊಡ್ಡ ಮನುಷ್ಯ ದೊಡ್ಡಮ್ಮನನ್ನು ನೋಡಲಿಲ್ಲ. ಡ್ರೈವರನ್ನು ನೋಡಿದ.

"ಏನಯ್ಯಾ, ಒಂದು ಕರ್ಚೀಫ್ ಹಾಕು ಅಂತ ಕಳ್ಸಿದ್ರೆ ಅದೂ ಕೈಲಾಗಲ್ವ ನಿಂಗೆ? ಬೀಡಿ ಸೇದ್ತಾ ನಿಂತ್ಕೊಂಡಿದ್ದೆ ಅಲ್ವ?"

"ಇಲ್ಲ ಸಾರ್, ಹಾಕಿದ್ದೆ ಸಾರ್. ಇದೇ ಕುರ್ಚಿ ಮೇಲೆ ಸಾರ್."

"ಹಾಕಿದ್ರೆ ಎಲ್ಲಿ? ರೆಕ್ಕೆ ಬಂದು ಹಾರಿಹೋಯ್ತಾ? ನೆಂಟರ ಮುಂದೆ ಮರ್ಯಾದೆ ತೆಗೀತೀಯಲ್ಲೋ. ನಾಳೆಯಿಂದ ಗಾಡಿ ಹತ್ರ ಬರ್ಬೇಡ ನೀನು."

ಡ್ರೈವರ್ ನೆಲದ ಮೇಲೆ, ಟೇಬಲ್ಲಿನ ಕೆಳಗೆ ಬಗ್ಗಿ ಹುಡುಕತೊಡಗಿದರು. ಕರ್ಚೀಫು ಕಿಟಕಿಯ ಕಟ್ಟೆಯ ಮೇಲೆ, ನನ್ನ ಮೊಣಕೈಯಿಂದ ಎರಡು ಅಡಿ ದೂರದಲ್ಲಿ, ಎಲ್ಲರಿಗೂ ಕಾಣುವ ಹಾಗೆ ಇತ್ತು. ಯಾರೂ ತಲೆ ಎತ್ತಿ ನೋಡಲಿಲ್ಲ. ಗಲ್ಲಾದಿಂದ ಮ್ಯಾನೇಜರು ಓಡಿಬಂದರು. "ಬನ್ನಿ ಸಾರ್, ಬನ್ನಿ, ಒಂದ್ನಿಮಿಷದಲ್ಲಿ ಮಾಡ್ಕೊಡ್ತೀನಿ" ಎಂದು ಹಲ್ಲು ಕಿರಿದು, ಅದೇ ಮುಖವನ್ನು ಗಂಟುಹಾಕಿಕೊಂಡು ದೊಡ್ಡಮ್ಮನ ಕಡೆ ತಿರುಗಿದರು. "ಏನಮ್ಮಾ, ಇಲ್ಲಿ ಕರ್ಚೀಫ್ ಇತ್ತಂತಲ್ಲ? ಯಾರು ತೆಗೆದಿದ್ದು?"

ನಾನು ಇಲ್ಲಿ ಮಾತಾಡಬೇಕಾಗಿತ್ತು. ನಾನು ತೆಗೆದೆ ಎಂಬ ಎರಡೇ ಪದ. ವೆಂಕಟೇಶ ಎರಡು ಟೇಬಲ್ ಆಚೆ ನಿಂತು ನನ್ನ ಮುಖವನ್ನೇ ನೋಡುತ್ತಿದ್ದ. ನಾನು ಗೋಡೆಯ ಗಡಿಯಾರ ನೋಡಿದೆ. ಹನ್ನೊಂದಕ್ಕೆ ಎಂಟು ನಿಮಿಷ ಎಂದು ನನಗೆ ಇಂದಿಗೂ ನೆನಪಿರುವುದು ಅದಕ್ಕೇ.

ದೊಡ್ಡಮ್ಮ ನನ್ನ ಕಡೆ ತಿರುಗಲಿಲ್ಲ. ಟೇಬಲ್ಲಿನ ಕೆಳಗೆ ಬಗ್ಗಿದ್ದ ಡ್ರೈವರನ್ನು ನೋಡುತ್ತಿದ್ದಳು. "ಅವ್ರನ್ನ ಬೈಬ್ಯಾಡಿ ಸ್ವಾಮಿ" ಎಂದಳು. "ಬಟ್ಟೆ ಇತ್ತು. ನಾನೇ ತೆಗ್ದಿಟ್ಟೆ. ನಂಗೆ ಗೊತ್ತಾಗ್ಲಿಲ್ಲ."

"ಗೊತ್ತಿಲ್ದಿದ್ರೆ ಕೇಳ್ಬೇಕು ತಾನೇ? ಎಲ್ಲೆಲ್ಲಿಂದ ಬರ್ತಾರೋ ಏನೋ. ಏಳಿ ಏಳಿ. ಆ ಕಡೆ ಎಲ್ಲಾದ್ರೂ ಜಾಗ ಆದಾಗ ಕೂತ್ಕೊಳೀರಂತೆ."

ಒಂದು ಕರ್ಚೀಫಿಗೆ ಒಂದೇ ಕುರ್ಚಿ. ನಾಲ್ಕೂ ಕುರ್ಚಿ ಅವರದಾಗುವುದಕ್ಕೆ ಯಾವ ಕಾನೂನೂ ಇರಲಿಲ್ಲ. ಮೂರು ಖಾಲಿ ಇದ್ದವು. ಒಬ್ಬಳು ಅರ್ಧ ದೋಸೆ ತಿಂದಿದ್ದಳು, ಇನ್ನರ್ಧ ಬಾಕಿ. ಐದು ನಿಮಿಷ ಕಾಯಬಹುದಿತ್ತು. ಉಣ್ಣುತ್ತಿರುವವರನ್ನು ಏಳಿಸಬಾರದು ಎಂದು ಆ ಕೋಣೆಯಲ್ಲಿ ಗೊತ್ತಿಲ್ಲದವರು ಯಾರಿದ್ದರು? ಕುರ್ಚಿಗಳ ಹಿಂದೆ ಬೆನ್ನು ಕಾಯುತ್ತಾ ನಿಂತವರನ್ನು ನಾನು ಎಣಿಸಿದ್ದೇನೆ, ಹದಿನಾಲ್ಕು ಜನ. ಅದರಲ್ಲಿ ಎಂಟು ಮಂದಿ ಹೆಂಗಸರು. ಹಣೆಯ ತುಂಬ ವಿಭೂತಿ ಹಚ್ಚಿದ್ದವರೂ ಇಬ್ಬರಿದ್ದರು. ಒಬ್ಬರಾದರೂ "ತಿಂದು ಏಳಲಿ ಬಿಡ್ರೀ" ಅನ್ನಲಿಲ್ಲ. ಅವರ ಲೆಕ್ಕ ಒಂದೇ: ಈ ಟೇಬಲ್ಲಿನ ಗಲಾಟೆಯಲ್ಲಿ ತಮ್ಮ ಮುಂದಿನ ಕುರ್ಚಿ ತಪ್ಪಬಾರದು. ಹನ್ನೆರಡು ವರ್ಷವಾಯಿತು, ಆ ಹದಿನಾಲ್ಕು ಜನರ ಮೇಲಿನ ನನ್ನ ಸಿಟ್ಟು ಒಂದು ಗುಲಗಂಜಿಯಷ್ಟೂ ಕಡಿಮೆಯಾಗಿಲ್ಲ. ಹದಿನೈದನೆಯವನ ಮೇಲಿನದಂತೂ ಬಿಡಿ.

ಅವಳು ಎದ್ದಳು. ತಟ್ಟೆಯನ್ನು ಎರಡೂ ಕೈಯಲ್ಲಿ ಎತ್ತಿಕೊಂಡಳು.

"ತಟ್ಟೆ ಅಲ್ಲೇ ಬಿಡಿ" ಎಂದರು ಮ್ಯಾನೇಜರು.

"ಬಿಡಾಕಾಗಲ್ಲ ಸ್ವಾಮಿ."

ಓಡಲಿಲ್ಲ. ಇದನ್ನು ದಯವಿಟ್ಟು ಗಮನಿಸಿ. ಅವಳಿಗೆ ಮಂಡಿನೋವಿತ್ತು. ಕುರ್ಚಿಗಳ ಸಂದಿಯಲ್ಲಿ, ಯಾರಿಗೂ ತಾಗದ ಹಾಗೆ, ಸಾಂಬಾರಿನ ಬಟ್ಟಲು ತುಳುಕದ ಹಾಗೆ ನಿಧಾನವಾಗಿ ನಡೆದುಕೊಂಡು ಹೋದಳು. ಸಫಾರಿಯವನ ಹೆಂಡತಿ ಕೂರಲು ಬಂದರು. ನನ್ನ ಕೈ ಇನ್ನೂ ಆ ಕುರ್ಚಿಯ ಬೆನ್ನಿನ ಮೇಲಿತ್ತು. ನಾನು ಅವರಿಗೆ ಕುರ್ಚಿಯನ್ನು ಹಿಂದಕ್ಕೆ ಎಳೆದುಕೊಟ್ಟೆ. ಅವರು ಥ್ಯಾಂಕ್ಸ್ ಎಂದರು.

ಕೈತೊಳೆಯುವ ಜಾಗದಲ್ಲಿ ಮೂರು ನಲ್ಲಿ, ಒಂದು ಉದ್ದನೆಯ ಕನ್ನಡಿ, ನೆಲವೆಲ್ಲ ನೀರು. ಜನ ಬಂದು ಕ್ಯಾಕರಿಸಿ, ಬಾಯಿ ಮುಕ್ಕಳಿಸಿ ಹೋಗುತ್ತಿದ್ದರು. ಅವಳು ಮೂಲೆಯಲ್ಲಿ ಗೋಡೆಗೆ ಮುಖಮಾಡಿ ನಿಂತು ತಿನ್ನುತ್ತಿದ್ದಳು. ನಾನು ಹೋಗುವ ಮೊದಲೇ ವೆಂಕಟೇಶ ಅಲ್ಲಿದ್ದ, ಕೈಯಲ್ಲಿ ನೀರಿನ ಲೋಟ ಹಿಡಿದು.

"ಅಮ್ಮಾ, ಇಲ್ಲಿ ನಿಂತ್ಕೊಂಡು ತಿನ್ಬೇಡಿ. ಒಳಗಡೆ ಅಡಿಗೆಮನೇಲಿ ಒಂದು ಸ್ಟೂಲ್ ಹಾಕ್ಕೊಡ್ತೀನಿ, ಬನ್ನಿ."

"ಅಡಿಗೆಮನೇಲಿ ಬ್ಯಾಡ ಕಣಪ್ಪ" ಎಂದಳು ದೊಡ್ಡಮ್ಮ. "ಮೂವತ್ತೊರ್ಷ ಅಲ್ಲೇ ತಿಂದಿದೀನಿ."

ತಣ್ಣಗಾಗಿದ್ದ ದೋಸೆಯನ್ನು ಪೂರ್ತಿ ತಿಂದಳು. ಪಲ್ಯ ತಿಂದಳು, ಚಟ್ನಿ ಬಳಿದಳು. ಆಮೇಲೆ ವೆಂಕಟೇಶನ ಕೈಯಿಂದ ಲೋಟ ತೆಗೆದುಕೊಂಡು ತಟ್ಟೆಗೆ ನೀರು ಹಾಕಿ, ಬೆರಳಿನಿಂದ ಸುತ್ತ ತೊಳೆದು ಕುಡಿದಳು. ಕನ್ನಡಿಯಲ್ಲಿ ತಲೆ ಬಾಚಿಕೊಳ್ಳುತ್ತಿದ್ದವನೊಬ್ಬ ಬಾಚಣಿಗೆ ನಿಲ್ಲಿಸಿ ನೋಡಿದ. ಅವಳು ತಟ್ಟೆಯನ್ನು ವೆಂಕಟೇಶನಿಗೆ ಕೊಟ್ಟು, "ಒಳಗಡೆ ದೋಸೆ ಹುಯ್ಯೋರಿಗೆ ಹೇಳು, ಚೆನ್ನಾಗಿತ್ತು ಅಂತ" ಎಂದಳು.

ಶಿವಣ್ಣ ಮಾವ ಅಷ್ಟರಲ್ಲಿ ತಿರುಗಿ ನೋಡಿದ್ದ. ಅವನು ಕಂಡದ್ದು ಅಕ್ಕ ತಟ್ಟೆ ಹಿಡಿದು ನಡೆದದ್ದು, ತಟ್ಟೆ ತೊಳೆದು ಕುಡಿದದ್ದು, ಅಷ್ಟು ಮಾತ್ರ. ಕರ್ಚೀಫನ್ನು ಅವಳೇ ತೆಗೆದಳಂತೆ ಎಂದು ಅಲ್ಲಿದ್ದವರು ಹೇಳಿದ್ದನ್ನು ಕೇಳಿಸಿಕೊಂಡ. ವಾಪಸು ಬರುವಾಗ ರೈಲಿನಲ್ಲಿ ಅವಳ ಮುಖ ನೋಡಲಾರದೆ ನಗಿಸಲು ಹೊರಟ. "ಅಕ್ಕಾ, ಅವ್ರ ಪಾತ್ರೆ ತೊಳೆಯೋನ ಕೆಲ್ಸ ಹೋಯ್ತು ನಿನ್ನಿಂದ. ಇನ್ನೊಂದು ತಟ್ಟೆ ತೊಳೆದಿದ್ರೆ ನಿನ್ನೇ ಇಟ್ಕೊಂಬುಡೋರು." ಅವಳು ನಕ್ಕಳು. ಅವಳು ನಕ್ಕಳೆಂದು ನಾನೂ ನಕ್ಕೆ. ಹೀಗೆ ಹುಟ್ಟಿದ ಕಥೆ ಅದು. ಮೊದಲು ಹುಟ್ಟಿದಾಗ ಅದರಲ್ಲಿ ಕೆಡುಕು ಇರಲಿಲ್ಲ. ಆಮೇಲೆ ಒಂದು ನಾಮಕರಣದಲ್ಲಿ ಅವಳು ಕರ್ಚೀಫು ಬಿಸಾಕಿದಳು ಎಂದಾಯಿತು, ಒಂದು ಮದುವೆಯಲ್ಲಿ ತಟ್ಟೆಯನ್ನು ಸೆರಗಿನಲ್ಲಿ ಮುಚ್ಚಿಕೊಂಡಳು ಎಂದಾಯಿತು, ಓಡಿದಳು ಎಂದಾಯಿತು. ದಟ್ಟಗಳ್ಳಿಯ ತಾರಸಿಯ ಮೇಲೆ ಮೂಗೂ ಒರೆಸಿಕೊಂಡಳು.

ದೊಡ್ಡಮ್ಮ ಬದುಕಿರುವಾಗ ಅವಳ ಮುಂದೆಯೇ ಇದನ್ನು ಹೇಳುತ್ತಿದ್ದರು. ಅವಳು ಒಂದು ಸಲವೂ ತಿದ್ದಲಿಲ್ಲ. ನನ್ನ ಕಡೆ ನೋಡಲೂ ಇಲ್ಲ. ಮತ್ತೊಮ್ಮೆ ಮೈಸೂರಿಗೆ ಹೋಗೋಣ ಎಂದು ನಾನು ಕರೆದರೆ, "ಅಲ್ಲಿ ಮೆಂತ್ಯ ಜಾಸ್ತಿ ಹಾಕ್ತಾರೆ ಕಣೋ" ಎನ್ನುತ್ತಿದ್ದಳು. ನಾಲ್ಕು ವರ್ಷದ ಹಿಂದೆ ತೀರಿಕೊಂಡಳು. ನಾನು ಕ್ಷಮೆ ಕೇಳಿರಲಿಲ್ಲ. ಕೇಳಬೇಕೆಂದು ಹೊರಟಾಗಲೆಲ್ಲ ಅವಳು ಊಟಕ್ಕೆ ಏಳು ಎನ್ನುತ್ತಿದ್ದಳು. ನಾನು ಎದ್ದು ಹೋಗಿ ಉಣ್ಣುತ್ತಿದ್ದೆ. ಇದೇ ನನ್ನ ಜಾಯಮಾನ. ನನ್ನ ಬಾಯಿ ತುಂಬಿಕೊಂಡೇ ಇರುತ್ತದೆ.

ಗೃಹಪ್ರವೇಶದ ಮಾರನೆಯ ವಾರ ಆ ಹೋಟೆಲಿಗೆ ಹೋದೆ. ಹಳೆಯ ಮ್ಯಾನೇಜರು ಇಲ್ಲ. ವೆಂಕಟೇಶ ಬಿಟ್ಟುಹೋಗಿ ಬಹಳ ಕಾಲವಾಯಿತಂತೆ. ದಟ್ಟಗಳ್ಳಿಯಲ್ಲೇ, ರಶ್ಮಿಯ ಮನೆಯಿಂದ ಮೂರು ರಸ್ತೆ ಆಚೆ, ತಿಂಡಿಗಾಡಿ ಇಟ್ಟಿದ್ದಾರೆ ಎಂದು ತಿಳಿಯಿತು. ಹೋದೆ. ತಲೆ ನರೆತಿದೆ. ಕಿವಿಯ ಹಿಂದೆ ಈಗ ಪೆನ್ಸಿಲ್ ಇಲ್ಲ. ತಟ್ಟೆ ತೊಳೆದು ಕುಡಿದ ಒಬ್ಬ ಅಮ್ಮನ ನೆನಪಿದೆಯೇ ಎಂದು ಕೇಳಿದೆ.

"ಹೆಂಗ್ ಮರೀತೀನಿ ಸಾರ್? ಎಷ್ಟು ವರ್ಷ ಸಪ್ಲೈ ಮಾಡಿದೀನಿ, ಹಂಗೆ ಮಾಡಿದೋರು ಅವ್ರೊಬ್ರೇ. ಪಾಪ, ಆ ಕರ್ಚೀಫ್ ಅವ್ರು ಮುಟ್ಟೇ ಇರ್ಲಿಲ್ಲ. ಜೊತೇಲಿ ಒಬ್ಬ ಬಂದಿದ್ದ, ಗಂಡಸು ಅಂತ. ಅವನು ತೆಗೆದಿದ್ದು. ಬಾಯೇ ಬಿಡ್ಲಿಲ್ಲ ಬಡ್ಡೀಮಗ."

"ಅದು ನಾನೇ" ಎಂದೆ.

ಅವರು ಸೌಟು ಹಿಡಿದುಕೊಂಡೇ ನನ್ನನ್ನು ನೋಡಿದರು. ಕಾವಲಿಯ ಮೇಲಿನ ದೋಸೆ ಹೊಗೆಯಾಡತೊಡಗಿತು. ಅದನ್ನು ಮೊಗಚಿ ಹಾಕಿ, "ನಾನೂ ಬಾಯಿ ಬಿಡ್ಲಿಲ್ಲ ಸಾರ್" ಎಂದರು. "ನಂಗೆ ಕೆಲ್ಸ ಹೋಗೋದು. ನಿಮ್ಗೆ ಏನ್ ಹೋಗ್ತಿತ್ತು?"

ಅಲ್ಲಿಂದ ಒಂಟಿಕೊಪ್ಪಲಿಗೆ ಹೋದೆ. ಶಿವಣ್ಣ ಮಾವ ಈಗ ಅಲ್ಲಿ ಮಗಳ ಮನೆಯಲ್ಲಿದ್ದಾನೆ. ಎಲ್ಲ ಹೇಳಿದೆ. ಅವನು ಜಗಲಿಯ ಕಂಬಿ ಹಿಡಿದುಕೊಂಡ.

"ಅವಳು ನಂಗೂ ಹೇಳ್ಲಿಲ್ವಲ್ಲೋ" ಎಂದ. ಆಮೇಲೆ, "ಎಲ್ರನ್ನೂ ಮೊದ್ಲು ನಗಿಸಿದೋನು ನಾನೇ ಅಲ್ವೇನೋ? ಹನ್ನೆರಡು ವರ್ಷ ನನ್ನ ಬಾಯಿಂದ ಅವಳನ್ನ ಆಡಿಸ್ಕೊಂಡ್ಯಲ್ಲೋ ನೀನು" ಎಂದ. ಅವನ ದನಿ ಅಷ್ಟು ಗಟ್ಟಿಯಾಗಿದ್ದನ್ನು ನಾನು ಕೇಳಿರಲಿಲ್ಲ. ಮಗಳು ಒಳಗಿನಿಂದ ಓಡಿಬಂದಳು.

ರಶ್ಮಿಗೂ ಹೇಳಿದೆ. ಅವಳು ಕೇಳಿದ್ದು ಒಂದೇ ಮಾತು: "ಅವತ್ತು ಎಲೆ ಮುಂದೆ ಕೂತಿದ್ರಲ್ಲ ಮಾವ, ಅವಾಗ್ಲೇ ಹೇಳೋಕೇನಾಗಿತ್ತು?" ಈಗಿನ ಮಕ್ಕಳಿಗೆ ಗೌರವ ಇಲ್ಲ ಎಂದು ಒಂದು ಕ್ಷಣ ಅನ್ನಿಸಿತು. ಎರಡನೆಯ ಕ್ಷಣಕ್ಕೆ, ಅವಳ ವಯಸ್ಸಿನಲ್ಲಿ ಇಂಥ ಪ್ರಶ್ನೆ ಕೇಳುವ ಒಬ್ಬರಾದರೂ ಆ ಹೋಟೆಲಿನಲ್ಲಿ ನಿಂತಿದ್ದರೆ ಎಂದುಕೊಂಡೆ.

ಆದ್ದರಿಂದ ಬರೆದಿಡುತ್ತಿದ್ದೇನೆ. ನಂಜಮ್ಮ ಯಾರ ಕರ್ಚೀಫನ್ನೂ ಮುಟ್ಟಲಿಲ್ಲ. ಓಡಲಿಲ್ಲ. ತಟ್ಟೆ ಬಚ್ಚಿಡಲಿಲ್ಲ. ಇದನ್ನು ಕಂಡವರಲ್ಲಿ ಇಂದಿಗೂ ಬದುಕಿರುವವರು, ನನಗೆ ತಿಳಿದ ಮಟ್ಟಿಗೆ, ಇವರು. ವೆಂಕಟೇಶ, ದಟ್ಟಗಳ್ಳಿ, ಬೆಳಿಗ್ಗೆ ಹನ್ನೊಂದರವರೆಗೆ ಗಾಡಿಯ ಹತ್ತಿರ ಸಿಗುತ್ತಾರೆ, ಕೇಳಿದವರಿಗೆಲ್ಲ ಹೇಳುತ್ತೇನೆ ಎಂದಿದ್ದಾರೆ. ಶಿವಣ್ಣ, ಒಂಟಿಕೊಪ್ಪಲ್, ಅವನು ಅರ್ಧ ಕಂಡವನು, ಈಗ ಯಾರಾದರೂ ಆ ಕಥೆ ಹೇಳು ಎಂದರೆ ನನ್ನ ಕಡೆ ಕೈತೋರಿಸುತ್ತಾನೆ. ನಾನು, ಮಹದೇವ. ನಾಲ್ಕನೆಯವರು ಆ ಡ್ರೈವರ್. ಹೆಸರು ಗೊತ್ತಿಲ್ಲ. ಆಗ ನಲವತ್ತರ ಹತ್ತಿರದವರು, ತೆಳ್ಳಗಿದ್ದರು, ಈಗ ಐವತ್ತು ದಾಟಿರಬೇಕು. ತಮ್ಮನ್ನು ಬೈಗುಳದಿಂದ ಬಿಡಿಸಿದ ಆ ಅಮ್ಮನೇ ಬಟ್ಟೆ ತೆಗೆದದ್ದು ಎಂದು ಅವರು ಇವತ್ತಿಗೂ ನಂಬಿರುತ್ತಾರೆ. ಅವರೊಬ್ಬರಿಗೆ ಹೇಳುವುದು ಬಾಕಿ ಇದೆ. ಮೈಸೂರಿನಲ್ಲಿ ಯಾರಿಗಾದರೂ ಅವರು ಗೊತ್ತಿದ್ದರೆ, ಇದನ್ನು ಓದಿ ಹೇಳಿ.